ದುಂಡಪ್ಪನ ಬಿಗಿ

ನಮ್ಮೂರಲ್ಲಿ ಗಾಳಿ ತಾನಾಗಿ ಬೀಸುವುದಿಲ್ಲ. ಯಾರಾದರೂ ಮಲಗಿದರೆ ಬೀಸುತ್ತದೆ, ಮಲಗಿದವರು ಗೊರಕೆ ಹೊಡೆದರೆ ಇನ್ನೂ ಚೆನ್ನಾಗಿ ಬೀಸುತ್ತದೆ. ಹೊರಗಿನಿಂದ ಬಂದವರು ಇದನ್ನು ಕೇಳಿ ಬಾಯಿ ತೆರೆದು ನಿಲ್ಲುತ್ತಾರೆ. ನಿಮ್ಮೂರಿನ ಗಾಳಿ ಎಲ್ಲಿಂದ ಬರುತ್ತದೆ ಅಂತ ನಾವೇನು ಕೇಳಿದ್ದೇವೆಯೇ? ಫ್ಯಾನು ಇಲ್ಲವೇ ಅನ್ನಬೇಡಿ. ಇದೆ, ಸೆಕೆಯಾದರೆ ಹಾಕಿಕೊಳ್ಳುತ್ತೇವೆ. ಆದರೆ ಫ್ಯಾನಿನ ಗಾಳಿಗೆ ನಮ್ಮ ಜೋಳ ಮಣಿಯುವುದಿಲ್ಲ. ಒಮ್ಮೆ ಆಳೆತ್ತರದ ಫ್ಯಾನು ತಂದು ಕಣದಲ್ಲಿ ನಿಲ್ಲಿಸಿ ನೋಡಿದ್ದೂ ಆಯಿತು. ಹೊಟ್ಟು ಕಾಳಿಗೇ ಅಂಟಿಕೊಂಡು ಕೂತಿತು. ರಾಶಿ ತೂರಬೇಕೆಂದರೆ ನಿದ್ದೆಯವರ ಗಾಳಿಯೇ ಬೇಕು.

ಅದಕ್ಕೇ ಕಣದ ಮಗ್ಗುಲಲ್ಲಿ, ಬೇವಿನ ನೆರಳಿಗೆ, ನಮ್ಮ ಹಿರಿಯರು ನಿದ್ದೆಕಟ್ಟೆ ಕಟ್ಟಿಸಿದ್ದಾರೆ. ಸುಗ್ಗಿ ಬಂತೆಂದರೆ ಊರ ಗೊರಕೆಗಾರರು ಮಧ್ಯಾಹ್ನದ ಊಟ ಮುಗಿಸಿ, ಮೀಸೆ ಒರೆಸಿಕೊಂಡು ಬಂದು ಕಟ್ಟೆಯ ಮೇಲೆ ಅಂಗಾತ ಮಲಗುತ್ತಾರೆ. ತಲೆದಿಂಬು ಇಲ್ಲ, ಮಗ್ಗುಲಾಗುವಂತಿಲ್ಲ. ಹೆಂಗಸರು ನಾವು ಮೊರ ಹಿಡಿದು ಬಿಸಿಲಲ್ಲಿ ನಿಲ್ಲುತ್ತೇವೆ. ಹೆಂಗಸರಿಗೆ ಕಟ್ಟೆ ಇಲ್ಲ. ಹೆಣ್ಣು ಗೊರಕೆ ಹೊಡೆದರೆ ಮನೆಯ ಮಾಳಿಗೆ ಹಾರುತ್ತದೆ ಎಂಬುದು ನಮ್ಮೂರ ಮಾತು. ಹಾರಿದ ಮಾಳಿಗೆಯನ್ನು ನಾನು ಇವತ್ತಿನವರೆಗೆ ನೋಡಿಲ್ಲ, ಆದರೂ ಮದುವೆಯಾದಾಗಿನಿಂದ ಬಾಯಿಗೆ ಸೆರಗು ಹಿಡಿದೇ ಮಲಗಿದವಳು ನಾನು.

ಕಟ್ಟೆಯ ಯಜಮಾನಿಕೆ ನನ್ನ ಗಂಡನದು, ದುಂಡಪ್ಪನದು. ಹೆಸರು ಹಿಡಿದೇ ಹೇಳುತ್ತೇನೆ. ಊರಿಗೆ ಊರೇ ಹಿಡಿಯುವ ಹೆಸರನ್ನು ಹೆಂಡತಿ ಮಾತ್ರ ಏಕೆ ಬಿಡಬೇಕು? ನಮ್ಮಪ್ಪ ಹುಡುಗನನ್ನು ನೋಡಲು ಬಂದಾಗ ಹೊಲ ಕೇಳಲಿಲ್ಲ, ಮನೆ ಕೇಳಲಿಲ್ಲ. ಹೋಳಿಗೆ ಊಟ ಮಾಡಿಸಿ ಹುಡುಗನನ್ನು ಪಡಸಾಲೆಯಲ್ಲಿ ಮಲಗಿಸಿ ಅಂದ, ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಸ್ವಲ್ಪ ಹೊತ್ತಿಗೆ ಅಪ್ಪನ ರುಮಾಲು ತಲೆಯಿಂದ ಎದ್ದು ಹೋಗಿ ದನದ ಕೊಟ್ಟಿಗೆಯಲ್ಲಿ ಬಿತ್ತು. ಅಪ್ಪ ಬೋಳುತಲೆಯಲ್ಲೇ ಎದ್ದು ನಿಂತು, "ಹುಡುಗಿ ಕೊಟ್ಟೆ" ಅಂದ.

ಆ ರುಮಾಲು ಹಾರಿಸಿದ್ದು ಬರೀ ಗೊರಕೆಯಲ್ಲ, ಬಿಗಿ. ದುಂಡಪ್ಪ ಗೊರೆಯುತ್ತ ಗೊರೆಯುತ್ತ ಇದ್ದಕ್ಕಿದ್ದಂತೆ ನಿಂತುಬಿಡುತ್ತಾನೆ. ಸದ್ದಿಲ್ಲ, ಉಸಿರಿಲ್ಲ. ಬೇವಿನ ಎಲೆ ಕೂಡ ಮಿಸುಕದು. ಎದೆ ಹೊಟ್ಟೆ ಮಾತ್ರ ಏರಿಳಿಯುತ್ತವೆ, ಒಳಗೆ ಏನೂ ಹೋಗುವುದಿಲ್ಲ. ಇದನ್ನೇ ನಾವು ಬಿಗಿ ಅನ್ನುವುದು. ಆಮೇಲೆ ಎಮ್ಮೆ ಮುಕ್ಕರಿಸಿದಂತೆ ಸದ್ದು ಮಾಡಿ ಬಿಗಿ ಒಡೆಯುತ್ತದೆ, ಭರ್ರನೆ ಗಾಳಿ ನುಗ್ಗುತ್ತದೆ. ಬಿಗಿ ಹಿಡಿದಾಗ ಎಲ್ಲರೂ ಮೊರ ತಲೆಯ ಮೇಲೆ ಎತ್ತಬೇಕು, ಒಡೆಯುವ ಹೊತ್ತಿಗೆ ಸರಿಯಾಗಿ ಕಾಳು ಬಿಡಬೇಕು. ತಪ್ಪಿದರೆ ಹೊಟ್ಟು ನಮ್ಮ ಕಣ್ಣಿಗೇ. ಆ ಹೊತ್ತು ನೋಡಿ ಕೂಗುವವಳು ಕೂಗವ್ವ. ಕೂಗವ್ವ ನಾನೇ, ತಂಗೆವ್ವ. "ಎತ್ತ್ರೆವ್ವಾ!" ಅಂದರೆ ಇಡೀ ಕಣದ ಕೈಗಳು ಮೇಲೇಳುತ್ತಿದ್ದವು, "ಬಿಡ್ರೆವ್ವಾ!" ಅಂದರೆ ಜೋಳ ಸುರಿಯುತ್ತಿತ್ತು. ಆ ಗತ್ತು ನನಗೆ ಬಹಳ ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ. ಬಿಗಿಯಲ್ಲಿ ಇದ್ದವನನ್ನು ಮಾತ್ರ ಯಾರೂ ಮುಟ್ಟಬಾರದು. ಮುಟ್ಟಿದರೆ ರಾಶಿ ಮುನಿಯುತ್ತದೆ.

ಇಂಥ ದುಂಡಪ್ಪ ಬರಬರುತ್ತ ಎಚ್ಚರವಿದ್ದಾಗಲೂ ಮಲಗತೊಡಗಿದ. ರೊಟ್ಟಿ ಮುರಿದ ಕೈ ಬಾಯಿಗೆ ಹೋಗುವ ಮೊದಲೇ ತೂಕಡಿಕೆ. ಬೆಳಿಗ್ಗೆ ಎದ್ದರೆ ತಲೆ ಸಿಡಿತ, ಮಾತೆತ್ತಿದರೆ ಸಿಡುಕು. ಅವನ ಕಸುಬು ಟಂಟಂ ಆಟೋ ಹೊಡೆಯುವುದು, ರೈಲು ನಿಲ್ದಾಣದಿಂದ ಊರಿಗೆ ಜನರನ್ನು ತರುವುದು. ಒಂದು ದಿನ ಹಿಂದೆ ಮೂರು ಮಂದಿ ಕೂತಿರುವಾಗಲೇ ನಿದ್ದೆ ಹೋಗಿ, ಟಂಟಂ ಸೀದಾ ಕಣದ ಹಿರಿಯ ಮಲಕಾಜಪ್ಪಜ್ಜನ ಮೇವಿನ ಬಣವೆಯೊಳಗೆ ಹೊಕ್ಕಿತು. ಬಣವೆ ಇಲ್ಲದಿದ್ದರೆ ಅದರ ಹಿಂದೆ ಬಾವಿ. ಮಲಕಾಜಪ್ಪಜ್ಜ ಬೈಯಲಿಲ್ಲ. "ನೋಡ್ರಿ, ಕೂತಲ್ಲೇ ಗಾಳಿ ಕಟ್ತಾನ ನಮ್ಮ ದುಂಡ್ಯಾ!" ಎಂದು ಮೇವಿನೊಳಗಿಂದ ಅವನನ್ನು ಎಳೆದು ಬೆನ್ನು ಚಪ್ಪರಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಬಾವಿಯನ್ನು ನೋಡುತ್ತ ನಕ್ಕೆ.

ಆ ಸುಗ್ಗಿಗೆ ಡಾಕ್ಟರ್ ವಾರಿಜಾ ಬಂದರು. ಎಲ್ಲಿಯದೋ ದೊಡ್ಡ ಆಸ್ಪತ್ರೆಯವರು, ಗೊರಕೆ ಮತ್ತು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯ ಮೇಲೆ ಸಂಶೋಧನೆ ಮಾಡುವವರು. ಇಷ್ಟೊಂದು ಗೊರಕೆಯವರು ಒಂದೇ ಕಡೆ ಸಿಗುವ ಊರು ಬೇರೆ ಇಲ್ಲವಂತೆ. ಹೈಸ್ಕೂಲಿನ ಹಾಲಿನಲ್ಲಿ ಮಂಚ ಹಾಕಿಸಿ, ಮಲಗುವವರ ತಲೆಗೆ ವೈರು, ಎದೆಗೆ ಪಟ್ಟಿ, ಮೂಗಿಗೆ ಸಣ್ಣ ನಳಿಗೆ, ಬೆರಳಿಗೆ ಚಿಮಟ ಹಾಕಿ, ಪಕ್ಕದ ಕೋಣೆಯಲ್ಲಿ ಪರದೆ ನೋಡುತ್ತ ಕೂರುತ್ತಿದ್ದರು. "ಗೊರಕಿ ಪರೀಕ್ಷಾ" ಎಂದು ಊರಲ್ಲಿ ಡಂಗುರವಾಯಿತು. ಹೆಂಗಸರೂ ಬನ್ನಿ ಎಂದು ಡಾಕ್ಟರಮ್ಮ ನಮ್ಮ ಕಡೆ ತಿರುಗಿ ಕೇಳಿದ್ದುಂಟು. ನಾವು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಓಡಿದೆವು. ನಮ್ಮ ಮಾಳಿಗೆಗಳ ಗತಿ?

ಪರೀಕ್ಷೆ ಅಂದಮೇಲೆ ಪಾಸಾಗಬೇಕಲ್ಲ! ನಮ್ಮ ಗಂಡಸರು ಕಟ್ಟೆಗೆ ಹೋಗುವ ಹಾಗೇ ತಯಾರಾಗಿ ಹೋದರು. ಕೆಲವರು ಹೋಳಿಗೆ ತಿಂದರು, ಕೆಲವರು ಬಿಗಿ ಬಲವಾಗಲಿ ಎಂದು ಒಂದು ಕ್ವಾರ್ಟರ್ ಇಳಿಸಿದರು. ಡಾಕ್ಟರಮ್ಮ ಕೊಟ್ಟ ತಲೆದಿಂಬು ಬೇಡವೆಂದು ಸರಿಸಿ ಅಂಗಾತ ಮಲಗಿದರು. ಫಲ ಬಂದ ದಿನ ಹಾಲಿನ ಮುಂದೆ ಜಾತ್ರೆಯಷ್ಟು ಜನ. ಡಾಕ್ಟರಮ್ಮ ಸಪ್ಪೆ ಮುಖ ಮಾಡಿಕೊಂಡು ಹೊರಗೆ ಬಂದು, "ದುಂಡಪ್ಪನವರದು ತುಂಬಾ ತೀವ್ರವಾಗಿದೆ" ಅಂದರು.

"ತೀವ್ರ ಅಂದ್ರ ಫಸ್ಟ್ ಕ್ಲಾಸ್ ಏನ್ರಿ?" ಎಂದ ಮಲಕಾಜಪ್ಪಜ್ಜ.

"ಅಯ್ಯೋ ಅಲ್ಲ, ಎಲ್ಲರಿಗಿಂತ ಹೆಚ್ಚು..."

ಮುಂದಿನ ಮಾತು ಯಾರಿಗೆ ಕೇಳಬೇಕು! ಹಲಗೆ ಬಡಿದರು. ಗುಲಾಲು ಎರಚಿದರು. ದುಂಡಪ್ಪನ ಕೊರಳಿಗೆ ಚೆಂಡುಹೂವಿನ ಮಾಲೆ ಬಿತ್ತು, ಡಾಕ್ಟರಮ್ಮನ ಬಾಯಿಗೇ ಒಂದು ಫೇಡೆ ಬಿತ್ತು. ಅವರು ಫೇಡೆಯನ್ನು ಕೆನ್ನೆಯೊಳಗೆ ಇಟ್ಟುಕೊಂಡೇ ನನ್ನನ್ನು ನೋಡಿದರು. ಆ ಕಣ್ಣಿನಲ್ಲಿ ಸಂತೋಷ ಇರಲಿಲ್ಲ.

ಪಾಪ, ಅವರಿಗೆ ಕುಡಿದ ವಿಷಯ ಆಮೇಲೆ ವಾಸನೆಯಿಂದ ಗೊತ್ತಾಯಿತು. ಕುಡಿದು ಮಲಗಿದರೆ ಗಂಟಲು ಇನ್ನೂ ಸಡಿಲವಾಗುತ್ತದಂತೆ. ಮಾಡಿದ ಪರೀಕ್ಷೆಯನ್ನೆಲ್ಲ ಪಕ್ಕಕ್ಕಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಮೊದಲಿನಿಂದ ಶುರು ಮಾಡಿದರು. ಹೆಂಗಸು ಗಟ್ಟಿ ಅಂತ ನನಗೆ ಅವತ್ತೇ ಅನಿಸಿತು. ಈ ಸಲ ಬಾಗಿಲಲ್ಲಿ ಒಬ್ಬೊಬ್ಬರ ಬಾಯಿ ಮೂಸಿಯೇ ಒಳಗೆ ಬಿಟ್ಟರು. ಎಷ್ಟೋ ಮಂದಿಯ ಬಿಗಿ ಅರ್ಧಕ್ಕರ್ಧ ಇಳಿದು, ಅವರ ಮನೆಗಳಲ್ಲಿ ಫೇಲಾದ ಹುಡುಗರಿರುವ ಮನೆಯ ಹಾಗೆ ಒಲೆ ಹೊತ್ತಲಿಲ್ಲ. ದುಂಡಪ್ಪನದು ಮಾತ್ರ ಕೂದಲೆಳೆಯಷ್ಟೂ ಇಳಿಯಲಿಲ್ಲ. ಅವನು ಕುಡಿದವನೇ ಅಲ್ಲ.

ಡಾಕ್ಟರಮ್ಮ ನನ್ನನ್ನು ಪಕ್ಕದ ಕೋಣೆಗೆ ಕರೆದು ಕೂರಿಸಿದರು. ಕೊಡದಲ್ಲಿ ಅದ್ದಿದ ಒಂದು ಕುಪ್ಪಸ ತಂದು ಅದರ ತೋಳನ್ನು ನನ್ನ ಮುಂದೆ ಹಿಡಿದು, "ಇದರೊಳಗೆ ಕೈ ತೂರಿಸಿ ನೋಡಿ" ಅಂದರು. ತೋಳು ಒಂದಕ್ಕೊಂದು ಅಂಟಿ ಮುಚ್ಚಿಹೋಗಿತ್ತು. ಕೈ ಹೋಗಲಿಲ್ಲ.

"ನಿಮ್ಮ ಯಜಮಾನರ ಗಂಟಲು ನಿದ್ದೆಯಲ್ಲಿ ಹೀಗಾಗುತ್ತೆ ತಂಗೆವ್ವ. ಎದೆ ಎಳೆಯುತ್ತೆ, ದಾರಿ ಮುಚ್ಚಿರುತ್ತೆ. ರಕ್ತದಲ್ಲಿ ಆಮ್ಲಜನಕ ಇಳೀತಾ ಹೋಗುತ್ತೆ. ಕೊನೆಗೆ ಮೆದುಳು ಹೆದರಿ ಅವರನ್ನ ಒದ್ದು ಎಬ್ಬಿಸುತ್ತೆ. ನೀವು ಬಿಗಿ ಒಡೀತು ಅಂತೀರಲ್ಲ, ಅದು ಅದೇ. ಇಡೀ ರಾತ್ರಿ ಹೀಗೆ ಏಳ್ತಾನೇ ಇರ್ತಾರೆ, ಅವರಿಗೇ ಗೊತ್ತಾಗಲ್ಲ. ಹೃದಯಕ್ಕೆ ಪೆಟ್ಟು ಬೀಳುತ್ತೆ. ಬಿ.ಪಿ. ಈಗಾಗಲೇ ಏರಿದೆ."

"ಅವರಿಗೆ ಗೊತ್ತಾಗೂದಿಲ್ರಿ. ನನಗ ಗೊತ್ತಾಗತೈತಿ" ಅಂದೆ. ಎಷ್ಟೋ ವರ್ಷಗಳಿಂದ ರಾತ್ರಿ ಅವನ ಉಸಿರು ನಿಂತ ಕೂಡಲೇ ನನಗೆ ಎಚ್ಚರ. ಒಡೆಯುವ ತನಕ ನನ್ನ ಉಸಿರೂ ನಿಂತಿರುತ್ತದೆ. ಅದು ಕೂಗವ್ವನ ಅಭ್ಯಾಸ ಅಂದುಕೊಂಡಿದ್ದೆ. ಭಯ ಅಂತ ಆ ಒದ್ದೆ ಕುಪ್ಪಸ ಹಿಡಿದು ಕೂತಾಗ ಗೊತ್ತಾಯಿತು.

"ಔಷಧ ಐತೇನ್ರಿ?"

"ಔಷಧ ಅಲ್ಲ, ಗಾಳಿ" ಎಂದು ನಕ್ಕರು ಅವರು. ಮೂಗಿಗೆ ಕಟ್ಟುವ ಒಂದು ಮುಖವಾಡ, ಅದಕ್ಕೊಂದು ಕೊಳವೆ, ಕೊಳವೆಗೊಂದು ಪುಟ್ಟ ಯಂತ್ರ. ಯಂತ್ರ ಒಂದೇ ಸಮನೆ ಗಾಳಿ ಒತ್ತಿ ಗಂಟಲನ್ನು ಮುಚ್ಚಿಕೊಳ್ಳದಂತೆ ಹಿಡಿದಿರುತ್ತದೆ. ಬಿಗಿ ಕಡಿಮೆ ಇರುವವರಿಗೆ ಚೀಟಿ ಎತ್ತುವುದು: ಕೆಲವರಿಗೆ ಮುಖವಾಡ, ಕೆಲವರಿಗೆ ಬೆನ್ನಿಗೆ ಮರದ ಚೆಂಡು ಹೊಲಿದ ಬನಿಯನ್ನು. ಚೆಂಡು ಒತ್ತಿದರೆ ಅಂಗಾತ ಮಲಗಲಾರರು, ಮಗ್ಗುಲಾಗುತ್ತಾರೆ. ಯಾವುದರಿಂದ ಎಷ್ಟು ಗುಣ ಎಂದು ಹೋಲಿಸಿ ನೋಡುವುದೇ ಸಂಶೋಧನೆ. "ದುಂಡಪ್ಪನವರನ್ನ ಚೀಟಿಗೆ ಹಾಕಲ್ಲ. ಇಷ್ಟು ಜೋರಿರುವವರ ಜೊತೆ ಅದೃಷ್ಟದ ಆಟ ಆಡಬಾರದು. ಅವರಿಗೆ ನೇರ ಮುಖವಾಡ. ಇವತ್ತಿನಿಂದಲೇ ಆದರೆ ಒಳ್ಳೇದು."

ದುಂಡಪ್ಪನಿಗೆ ಹೇಳಿದೆ. ಹಾರಿಬಿದ್ದ. "ಹಂತಿ ಹೊಡಿಯೂ ಎತ್ತಿನಂಗ ಬಾಯಿಕುಕ್ಕಿ ಕಟ್ಕೊಂಡು ಮಲಗ್ಲೇನು? ಗೊರಕಿ ಹೋತಂದ್ರ ನಾ ಯಾರು? ಟಂಟಂ ಹೊಡಿಯೋ ಒಬ್ಬ ದಪ್ಪ ಮನಷ್ಯಾ. ಅಷ್ಟ."

"ಉಸರ ಇದ್ರ ದಪ್ಪ ಮನಷ್ಯಾ. ಇಲ್ಲಾಂದ್ರ ಏನ್ರಿ?" ಅಂದೆ.

ಕೊನೆಗೆ ಹಿರಿಯರ ಮುಂದೆ ಒಂದು ಒಪ್ಪಂದವಾಯಿತು. ಊರಿಗೆಲ್ಲ ಬೀಜ ಕೊಡುವ ದೊಡ್ಡ ರಾಶಿಯೊಂದು ಉಳಿದಿತ್ತು. ಅಮಾವಾಸ್ಯೆಯೊಳಗೆ ಅದನ್ನು ಹಸನು ಮಾಡಬೇಕು. "ಇದೊಂದು ರಾಶಿ ತೂರಿಸ್ಕೊಡ್ತೀನಿ. ಆಮ್ಯಾಲೆ ಅದ್ಯಾವ ಕುಕ್ಕಿ ಕಟ್ತೀ ಕಟ್ಟು" ಎಂದ ದುಂಡಪ್ಪ. ಡಾಕ್ಟರಮ್ಮ ಬೇಡವೇ ಬೇಡ ಅಂದರು. ಮಲಕಾಜಪ್ಪಜ್ಜ, "ಇಷ್ಟ್ ವರ್ಷ ಏನೂ ಆಗದ್ದು ಒಂದ್ ರಾಶಿಗೆ ಏನಾಗ್ತೈತಿ ಬಿಡ್ರಿ" ಎಂದು ಕೈಯಾಡಿಸಿದ.

ರಾಶಿಯ ದಿನ ಬಂತು. ದುಂಡಪ್ಪ ಹೊಟ್ಟೆ ತುಂಬ ಉಂಡು ಕಟ್ಟೆಯ ನಡುವೆ ಅಂಗಾತ ಬಿದ್ದ. ನಾವು ಮೊರ ತುಂಬಿಕೊಂಡು ಸಾಲಾಗಿ ನಿಂತೆವು. ನನ್ನ ಎಡಕ್ಕೆ ಪಕ್ಕದ ಮನೆಯ ಫಕೀರವ್ವ. ಗೊರಕೆ ಎದ್ದಿತು, ಬೇವು ತೂಗಿತು, ಹೊಟ್ಟು ಹಾರಿತು. ಒಂದಷ್ಟು ಬಿಗಿಗಳು ಬಂದು ಒಡೆದವು. ನಾನು ಕೂಗಿದೆ, ಕಾಳು ಸುರಿಯಿತು. ಆಮೇಲೆ ಇನ್ನೊಂದು ಬಿಗಿ ಹಿಡಿಯಿತು.

"ಎತ್ತ್ರೆವ್ವಾ!" ಅಂದೆ. ಕೈಗಳೆಲ್ಲ ಮೇಲೇರಿದವು. ಕಣ ಸ್ತಬ್ಧವಾಯಿತು. ಎಲೆ ಅಲುಗಲಿಲ್ಲ. ನನ್ನ ನಾಲಿಗೆಯ ತುದಿಯಲ್ಲಿ "ಬಿಡ್ರೆವ್ವಾ" ಕಾದು ಕೂತಿತ್ತು. ಅದು ಅಲ್ಲೇ ಕೂತಿತು. ಒಡೆಯಬೇಕಾದ ಹೊತ್ತು ಬಂತು, ಹೋಯಿತು. ಫಕೀರವ್ವನ ಮೊಣಕೈ ನಡುಗತೊಡಗಿತು. ಮಲಕಾಜಪ್ಪಜ್ಜ ಕಟ್ಟೆಯ ಬುಡದಲ್ಲಿ ಕೂತು ತೊಡೆ ತಟ್ಟಿಕೊಳ್ಳುತ್ತ, "ಬರ್ಲಿ ಬರ್ಲಿ, ದೊಡ್ಡದು ಬರಾಕತ್ತೈತಿ!" ಎಂದು ಪಿಸುಗುಟ್ಟಿದ. ನಾನು ಮೊರ ನೋಡುವುದು ಬಿಟ್ಟು ಗಂಡನ ಮುಖ ನೋಡಿದೆ. ಹೊಟ್ಟೆ ಒಳಕ್ಕೂ ಹೊರಕ್ಕೂ ಒದ್ದಾಡುತ್ತಿತ್ತು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆಯ ಒದ್ದಾಟವೂ ಸಣ್ಣದಾಗುತ್ತ ಬಂತು.

ಮೊರ ಎಸೆದೆ. ಕಾಳು ಹೊಟ್ಟು ಎಲ್ಲ ನೆಲಕ್ಕೆ ಚೆಲ್ಲಿತು. ಕಟ್ಟೆಗೆ ಹಾರಿ, ಅಷ್ಟು ದೊಡ್ಡ ಮೈಯನ್ನು ಎರಡೂ ಕೈಯಿಂದ ತಳ್ಳಿ ಮಗ್ಗುಲಿಗೆ ಹೊರಳಿಸಿ, ಕೆನ್ನೆಗೆ ರಪ್ಪನೆ ಬಿಗಿದೆ. ಇನ್ನೊಂದು ಬಿಗಿದೆ. "ಉಸರ ಬಿಡ್ರೀ! ಏ, ಉಸರ ಬಿಡ್ರೀ!" ಎಂದು ಕಿರುಚಿದೆ. ಮುಕ್ಕರಿಕೆ ಎದ್ದಿತು. ಗಾಳಿ ಮೊರಗಳ ಕಡೆ ಹೋಗಲಿಲ್ಲ, ಅಡ್ಡಡ್ಡ ಬೀಸಿ ಮಲಕಾಜಪ್ಪಜ್ಜನ ರುಮಾಲು ಎತ್ತಿಕೊಂಡು ಹೋಗಿ ಬಾವಿಯ ಕಡೆ ಎಸೆಯಿತು. ನನಗೆ ಆ ಹೊತ್ತಿನಲ್ಲೂ ನಮ್ಮಪ್ಪ ನೆನಪಾದ.

"ಬಿಗಿ ಮುಟ್ಟಿದೆಲ್ಲೇ ತಂಗೆವ್ವಾ!" ಅಜ್ಜನ ದನಿ ನಡುಗುತ್ತಿತ್ತು. "ನಿನ್ನ ಬಾಯಿ ಕೂಗೂದಕ್ಕ ಇತ್ತು, ಕೈ ಯಾಕ ಹಚ್ಚಿದಿ? ರಾಶಿ ಮುನೀತಲ್ಲೇ!"

"ಮುಟ್ಟೀನ್ರಿ. ಇನ್ನೂ ಮುಟ್ಟತೀನಿ" ಅಂದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದನಿ ಮಾತ್ರ ಕೂಗವ್ವನದೇ. "ರಾಶಿ ಮುನದ್ರ ಮುನೀಲಿ. ಮುಂದಿನ ವರ್ಷ ಮತ್ತ ಬೆಳೀತೀನಿ. ಗಂಡನ್ನ ಯಾವ ಹೊಲದಾಗ ಬೆಳೀಲಿ, ಹೇಳ್ರಿ ಅಜ್ಜಾರ?"

ದುಂಡಪ್ಪ ಕೆನ್ನೆ ಹಿಡಿದುಕೊಂಡು ಎದ್ದು ಕೂತ. "ಏನಾತು?"

"ಸತ್ತಿದ್ರಿ."

"ಹೌದಾ?"

"ಹೂಂ. ಇದೊಂದ್ ಸಲ ಅಲ್ಲ. ದಿನಾ ಸಾಯ್ತೀರಿ. ನೀವು ಸಾಯೂದು ನೋಡಿ ನಾ ಮಂದೀಗೆ ಮೊರಾ ಎತ್ತ್ರಿ ಅಂತ ಕೂಗ್ತೀನಿ. ಇನ್ನ ಕೂಗೂದಿಲ್ಲ."

ಅವನು ನನ್ನ ಮುಖ ನೋಡಿದ. ಚೆಲ್ಲಿದ ಜೋಳ ನೋಡಿದ, ಕಣದ ತುಂಬ ನಿಂತ ಹೆಂಗಸರನ್ನು ನೋಡಿದ. "ತಾ ಆ ಬಾಯಿಕುಕ್ಕಿ" ಅಂದ.

ಯಾರೋ ಓಡಿಹೋಗಿ ಡಾಕ್ಟರಮ್ಮನನ್ನು ಕರೆತಂದರು. ಅವರು ದುಂಡಪ್ಪನ ನಾಡಿ, ಎದೆ ಎಲ್ಲ ನೋಡಿ, ತಮ್ಮೆದುರಿಗೇ ಶುರುವಾಗಲಿ ಎಂದು ಹಾಲಿಗೆ ಕರೆದೊಯ್ದರು. ಮುಖವಾಡ ಕಟ್ಟಿದರೆ ಮೀಸೆಯ ಸಂದಿಯಿಂದ ಗಾಳಿ ಪೀಪಿ ಊದಿದಂತೆ ಸೋರಿತು. ಮೀಸೆ ಹೋಗಬೇಕಾಯಿತು. ಬೋಳಿಸಿದ ಮೇಲೆ ಅವನ ಮೇಲ್ದುಟಿ ಎಷ್ಟು ಎಳೆಯದು ಅಂತ ನಾನು ಮೊದಲ ಸಲ ನೋಡಿದೆ. ಡಾಕ್ಟರಮ್ಮ ಪರದೆ ನೋಡುತ್ತ ಗಾಳಿಯನ್ನು ಚೂರುಚೂರೇ ಏರಿಸಿದರು. ಒಂದು ಹಂತದಲ್ಲಿ ಗೊರಕೆ ನಿಂತಿತು. ನಾನು ಗಾಬರಿಯಾಗಿ ಎದ್ದೆ. "ಬಿಗಿ ಅಲ್ಲ, ಎದೆ ನೋಡಿ" ಅಂದರು. ಎದೆ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಮದುವೆಯಾದ ಮೇಲೆ ನನ್ನ ಗಂಡ ನಿದ್ದೆಯಲ್ಲಿ ಸದ್ದಿಲ್ಲದೆ ಉಸಿರಾಡಿದ್ದು ಅವತ್ತೇ ಮೊದಲು.

ಕೆಲವು ದಿನಗಳಲ್ಲೇ ದುಂಡಪ್ಪ ಬೇರೆ ಮನುಷ್ಯನಾದ. ತಲೆ ಸಿಡಿತ ಇಲ್ಲ, ಸಿಡುಕಿಲ್ಲ. ಟಂಟಂ ನಿದ್ದೆ ಹೋಗದೆ ನಿಲ್ದಾಣ ಮುಟ್ಟಿ ಬಂತು. ರೊಟ್ಟಿ ಊಟ ಮಾಡುವಾಗ ನನ್ನ ಜೊತೆ ಮಾತಾಡಿದ! ಏನು ಮಾತು ಅಂತೀರಿ, ನಮ್ಮ ಮಾವನ ಕಾಲದ ಒಂದು ಕೋಣದ ಕಥೆ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಆದರೆ ಇಡೀ ಊರು ಅರ್ಧ ತೂರಿದ ರಾಶಿಯನ್ನು ನೋಡುತ್ತ ಕೂತಿತ್ತು, ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಬೀಜ ಹಂಚದಿದ್ದರೆ ಎಲ್ಲರ ಹೊಲ ಬೀಳು. ತಪ್ಪು ಯಾರ ಮೇಲೆ ಬರುತ್ತದೆ ಅಂತ ಹೇಳಬೇಕಾಗಿಲ್ಲ. ನೀರಿಗೆ ಹೋದಾಗ ಮಾತು ನಿಲ್ಲುತ್ತಿತ್ತು, ನಾನು ಕೊಡ ಎತ್ತಿಕೊಂಡ ಮೇಲೆ ಮತ್ತೆ ಶುರುವಾಗುತ್ತಿತ್ತು.

"ಮುಖವಾಡ ಹಾಕ್ಕೊಂಡ ಕಟ್ಟಿ ಮ್ಯಾಲೆ ಮಲಗ್ತೀನಿ. ಬಂದಷ್ಟು ಗಾಳಿ ಬರ್ಲಿ" ಎಂದ ದುಂಡಪ್ಪ. ಕಣದ ಪಂಪಿನ ಮನೆಯಿಂದ ವೈರು ಎಳೆದರು. ಅವನ ಪಕ್ಕದಲ್ಲಿ ಚೀಟಿಯಲ್ಲಿ ಮುಖವಾಡ ಬಂದವರು, ಚೆಂಡಿನ ಬನಿಯನ್ನು ಬಂದವರು ಮಲಗಿದರು. ಬನಿಯನ್ನಿನವರಿಗೆ ಭಾರಿ ಅವಮಾನ, ಮಗ್ಗುಲಾಗಿ ಮುಖ ಮರೆಸಿಕೊಂಡೇ ನಿದ್ದೆ ಹೋದರು. ಬೇವು ಅಲುಗಲಿಲ್ಲ. ಆಮೇಲೆ ತುದಿಯ ಎಲೆಗಳು ಮಿಸುಕಿದವು, ಮಿಸುಕುತ್ತಲೇ ಇದ್ದವು. ನಿಲ್ಲಲಿಲ್ಲ. ತೆಳ್ಳನೆಯ ಗಾಳಿ, ಒಂದೇ ಸಮ.

"ಇದೇನು ಗಾಳಿನ? ಹಸುಗೂಸು ಹಾಲಿಗೆ ಊದಿದಂಗ!" ಮಲಕಾಜಪ್ಪಜ್ಜ ಹೊಸ ರುಮಾಲನ್ನು ತಲೆಗೆ ಒತ್ತಿಕೊಂಡ.

ಫಕೀರವ್ವ ಮೊರ ಹಿಡಿದು ನನ್ನ ಕಡೆ ತಿರುಗಿದಳು. "ಯಾವಾಗ ಎತ್ತೂಣವ್ವ?"

ನಾನು ಕಟ್ಟೆಯ ಕಡೆ ಕಿವಿ ಕೊಟ್ಟೆ. ಬಿಗಿ ಇಲ್ಲ, ಒಡೆಯುವುದು ಇಲ್ಲ, ಕೂಗುವುದಕ್ಕೆ ಏನೂ ಇಲ್ಲ. "ಯಾವಾಗ ಬೇಕಾದ್ರ ಎತ್ರಿ" ಅಂದೆ. ಕೂಗವ್ವನ ಗತ್ತು ಅಲ್ಲಿಗೆ ಮುಗಿಯಿತು. ಹೆಂಗಸರು ತಮಗೆ ಬೇಕಾದಾಗ ಎತ್ತಿದರು, ಬೇಕಾದಾಗ ಬಿಟ್ಟರು. ಕಾಳು ನೆಟ್ಟಗೆ ಕಾಲ ಬುಡಕ್ಕೇ ಬಿತ್ತು. ಬಿಗಿಯ ಗಾಳಿಗೆ ಒಳ್ಳೆಯ ಕಾಳೂ ಬೇಲಿ ದಾಟಿ ಹೋಗುತ್ತಿತ್ತು, ಊರ ಕೋಳಿಗಳು ಸುಮ್ಮನೆ ಕೊಬ್ಬಿದ್ದವೇ? ಆದರೂ ಗಾಳಿ ಸಾಲದು. ಇಷ್ಟೇ ಗಾಳಿಯಾದರೆ ಅಮಾವಾಸ್ಯೆ ದಾಟಿದರೂ ರಾಶಿ ಮುಗಿಯದು ಅಂತ ಎಲ್ಲರಿಗೂ ಕಂಡಿತು. "ಅವನ ಮೂತಿಯಿಂದ ಅದನ್ನ ಬಿಚ್ಚ್ರಿ, ಒಂದ್ ತಾಸು ಸಾಕು" ಎಂದು ಅಜ್ಜ ಎದ್ದೇಬಿಟ್ಟ. ನಾನು ಕಟ್ಟೆಯ ಮೆಟ್ಟಿಲಿಗೆ ಅಡ್ಡ ಹೋಗಿ ಕೂತೆ. "ಬಿಚ್ಚೂದಿದ್ರ ನನ್ನ ದಾಟಿ ಹೋಗ್ರಿ" ಅಂದೆ. ಅಜ್ಜ ಗೊಣಗುತ್ತ ಹಿಂದಕ್ಕೆ ಹೋಗಿ ಕೂತ.

ಅಲ್ಲಿಂದ ಮುಂದಿನದು ನಾನು ಕಂಡದ್ದಲ್ಲ, ಫಕೀರವ್ವ ಹೇಳಿದ್ದು. ಮೆಟ್ಟಿಲ ಪಕ್ಕ ಹೊಟ್ಟಿನ ಗುಡ್ಡೆ ಇತ್ತು, ಅದಕ್ಕೆ ಒರಗಿದ್ದು ನೆನಪಿದೆ. ಬೆನ್ನ ಹಿಂದೆ ಯಂತ್ರದ ಗುಂಯ್‌ಗುಡುವಿಕೆ, ದುಂಡಪ್ಪನ ಉಸಿರು ಬರುವುದು, ಹೋಗುವುದು, ಬರುವುದು. ಕಾಯುವುದಕ್ಕೆ ಏನೂ ಇರಲಿಲ್ಲ. ಅಷ್ಟೇ ನನಗೆ ನೆನಪು.

ಫಕೀರವ್ವ ಹೇಳುತ್ತಾಳೆ: ಮೊದಲು ಅವಳ ಮೊರದ ಅಂಚಿನ ಹೊಟ್ಟು ಎದ್ದಿತು. ಆಮೇಲೆ ಬೇವಿನ ದೊಡ್ಡ ಕೊಂಬೆ ತೂಗಿತು. ದುಂಡಪ್ಪನ ಮುಖವಾಡ ಜಾರಿತೇನೋ ಎಂದು ಎಲ್ಲರೂ ಕಟ್ಟೆ ನೋಡಿದರು. ಅಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಆಗ ಅವಳ ಕಣ್ಣು ಕೆಳಗೆ ಬಿದ್ದರೆ, ಬಾಯಿಯ ಮೇಲಿನ ಸೆರಗು ಎಲ್ಲೋ ಹೋಗಿ, ನಾನು ಹೊಟ್ಟಿನ ಗುಡ್ಡೆಗೆ ಮಗ್ಗುಲಾಗಿ ಒರಗಿ ಹಾಡುಹಗಲಲ್ಲಿ ಗೊರೆಯುತ್ತಿದ್ದೆನಂತೆ. ಎಷ್ಟೋ ವರ್ಷದ ನಿದ್ದೆ. ಗಾಳಿ ಒಂದು ಹದಕ್ಕೆ ಬೀಸುತ್ತಿತ್ತಂತೆ, ನಿಲ್ಲದೆ, ನುಗ್ಗದೆ. "ಅಯ್ಯ ಶಿವನ, ಹೆಣ್ಣಿನ ಗೊರಕಿ! ಎಬ್ಬಸ್ರಿ ಆಕಿನ್ನ" ಎಂದು ಮಲಕಾಜಪ್ಪಜ್ಜ ಕೋಲು ಊರಿಕೊಂಡು ಬಂದ. ಅಷ್ಟರಲ್ಲಿ ದುಂಡಪ್ಪನಿಗೆ ಎಚ್ಚರವಾಗಿತ್ತು. ಮುಖವಾಡ ಬಿಚ್ಚಿ, ಮೆಟ್ಟಿಲಿಳಿದು ಬಂದು ನನ್ನ ಪಕ್ಕದಲ್ಲಿ ಕೂತು, ಅಜ್ಜನಿಗೆ ಕೈ ಅಡ್ಡ ಹಿಡಿದ. "ಮುಟ್ಟಬ್ಯಾಡ್ರಿ."

"ಮಾಳಿಗಿ ಹಾರತೈತೋ ಹುಚ್ಚ!"

"ಹಾರ್ಲಿ. ಕಟ್ಟತೀನಿ."

ಫಕೀರವ್ವ ಮೊದಲು ಮೊರ ಎತ್ತಿದಳು. ಆಮೇಲೆ ಎಲ್ಲರೂ ಎತ್ತಿದರು.

ನಾನು ಕಣ್ಣು ತೆರೆದಾಗ ಬಿಸಿಲು ಇಳಿದಿತ್ತು. ಒಂದು ಕಡೆ ಬೆಳ್ಳಗೆ ಜೋಳದ ರಾಶಿ, ಇನ್ನೊಂದು ಕಡೆ ಹೊಟ್ಟು. ನಡುವೆ ಗುಡಿಸಿದ ನೆಲ. ಹೆಂಗಸರು ಸಾಲಾಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ನನ್ನನ್ನೇ ನೋಡಿ ನಗುತ್ತಿದ್ದರು. ನಾನು ತಡಬಡಿಸಿ ಸೆರಗು ಹುಡುಕಿದೆ, ಕತ್ತು ತಿರುಗಿಸಿ ನಮ್ಮ ಮನೆಯ ಕಡೆ ನೋಡಿದೆ. ಮಾಳಿಗೆ ಅಲ್ಲೇ ಇತ್ತು. ಡಾಕ್ಟರಮ್ಮ ಬೆರಳಿಗೆ ಹಾಕುವ ಚಿಮಟವನ್ನು ಕೈಯಲ್ಲಿ ಹಿಡಿದು ನಿಂತಿದ್ದರು. "ನಿಮ್ಮ ಯಜಮಾನರು ನಿಮಗೂ ಹಾಕಿ ನೋ‍ಡಿ ಅಂತ ಒಂದೇ ಹಟ. ನೀವೇ ಎದ್ದು ಹೂಂ ಅನ್ನಬೇಕು, ನಿದ್ದೆಯಲ್ಲಿ ಹಾಕಲ್ಲ ಅಂದೆ. ನಾಳೆ ಹಾಲಿಗೆ ಬರ್ತೀರಾ?"

"ನಾನೊಬ್ಬಾಕೀನ ಯಾಕ್ರಿ? ಇವರೆಲ್ಲಾರೂ ಬರ್ತಾರ" ಎಂದು ಸಾಲನ್ನು ತೋರಿಸಿದೆ. ಈ ಸಲ ಯಾರೂ ಓಡಲಿಲ್ಲ.

ಮಲಕಾಜಪ್ಪಜ್ಜ ಒಂದು ಹಿಡಿ ಜೋಳ ಎತ್ತಿ ಊದಿ ನೋಡಿದ. ಹಾರುವುದಕ್ಕೆ ಒಂದು ಎಳೆ ಹೊಟ್ಟೂ ಇರಲಿಲ್ಲ. ಮುದುಕನಿಗೆ ಆಸೆ ಬಿಡಬೇಕಲ್ಲ. ದುಂಡಪ್ಪನ ಹತ್ತಿರ ಬಗ್ಗಿ, "ಬಿಗಿ ಏನರೆ ಹಿಡಿದಿತ್ತೇನೋ ಆಕಿಗೆ?" ಎಂದು ಕೇಳಿದ.

"ಇಲ್ರಿ ಅಜ್ಜಾರ. ನಾ ಕಣ್ಣ ಮಿಟಕಸದ ನೋಡೀನಿ. ಒಂದೂ ಇಲ್ಲ."

ಅಜ್ಜ ಹೋದ ಮೇಲೂ ದುಂಡಪ್ಪ ಕೂತಲ್ಲೇ ಕೂತಿದ್ದ. ಕಣ್ಣು ಕೆಂಪಗಾಗಿದ್ದವು. ನನ್ನ ಕೂದಲಲ್ಲಿ ಸಿಕ್ಕಿದ ಹೊಟ್ಟನ್ನು ಒಂದೊಂದೇ ತೆಗೆಯುತ್ತ, ಮೆಲ್ಲಗೆ ಕೇಳಿದ: "ಒಬ್ರ ಉಸರ ಕಾಯೂದು ಇಷ್ಟ್ ಹೆದರಿಕಿ ಇರತೈತೇನ? ಇಷ್ಟ್ ವರ್ಷ ರಾತ್ರಿಯೆಲ್ಲಾ ನೀ ಹಿಂಗ ಎದ್ದಿದ್ದೇನ?"

ನಾನು ಹೂಂ ಅಂದು ಮತ್ತೆ ಹೊಟ್ಟಿನ ಗುಡ್ಡೆಗೆ ಒರಗಿದೆ. ನನಗೆ ಇನ್ನೂ ನಿದ್ದೆ ಬಾಕಿ ಇತ್ತು.